ಆಸೆ ಅವರದು, ಸೆರೆ ನನ್ನದು

ಶೇಕ್ಸ್‌ಪಿಯರ್‌ನ ‘ಟ್ವೆಲ್ಫ್ತ್ ನೈಟ್’ ಮಾಡೋಣ ಅಂತ ನಮ್ಮ ತಂಡ ತೀರ್ಮಾನಿಸಿದಾಗ ನನ್ನ ಕಣ್ಣಿದ್ದದ್ದು ಮಾಲ್ವೋಲಿಯೋ ಪಾತ್ರದ ಮೇಲೆ. ಹಳದಿ ಕಾಲುಚೀಲ ಹಾಕಿಕೊಂಡು, ಹಲ್ಲು ಕಿರಿಯುತ್ತಾ ಒಡತಿಯ ಮುಂದೆ ಬಂದು ನಿಲ್ಲುವ ಆ ಕಾರುಬಾರಿಯ ಪಾತ್ರಕ್ಕೆ ಚಪ್ಪಾಳೆ ಗ್ಯಾರಂಟಿ. ನನಗೆ ಸಿಕ್ಕಿದ್ದು ಎರಡು ಚಿಲ್ಲರೆ ಪಾರ್ಟು. ಮೊದಲ ಅಂಕದಲ್ಲಿ ಒಂದೇ ಒಂದು ಸಲ ಬಂದು ಹೋಗುವ ಹಡಗಿನ ಕ್ಯಾಪ್ಟನ್, ಆಮೇಲೆ ಆಂಟೋನಿಯೋ ಎಂಬ ಇನ್ನೊಬ್ಬ ಹಡಗಿನವನು. ಇಬ್ಬರೂ ಒಟ್ಟಿಗೆ ರಂಗದ ಮೇಲೆ ಬರುವುದೇ ಇಲ್ಲ. ಕೋಟು, ಟೋಪಿ ಬದಲಿಸಿದರೆ ಒಬ್ಬನೇ ಮಾಡಬಹುದು.

ಸಣ್ಣ ಪಾರ್ಟಿನವರಿಗೆ ಒಂದು ಲಾಭ ಇದೆ. ತಾಲೀಮಿನಲ್ಲಿ ಜಾಸ್ತಿ ಹೊತ್ತು ಸುಮ್ನೆ ಕೂತು ನೋಡಬಹುದು. ಬೇರೆಯವರಿಗೆ ತಮ್ಮ ಮಾತು, ತಮ್ಮ ಎಂಟ್ರಿ, ಇಷ್ಟೇ ಚಿಂತೆ. ನನಗೆ ಇಡೀ ನಾಟಕ ಕಣ್ಣ ಮುಂದೆ ನಡೆಯುತ್ತಿತ್ತು.

ಕಥೆ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳಿಬಿಡುತ್ತೇನೆ. ಏಡ್ರಿಯಾಟಿಕ್ ಕಡಲ ದಂಡೆಯ ಇಲ್ಲಿರಿಯಾ ಎಂಬ ನಾಡು. ಹಡಗು ಒಡೆದು ವಯೋಲಾ, ಸೆಬಾಸ್ಟಿಯನ್ ಎಂಬ ಅವಳಿ ಅಕ್ಕ ತಮ್ಮ ಬೇರೆಯಾಗುತ್ತಾರೆ (ಅಣ್ಣ ತಂಗಿ ಅಂದರೂ ಸರಿಯೇ). ಇಬ್ಬರಿಗೂ ಇನ್ನೊಬ್ಬರು ಸತ್ತಿದ್ದಾರೆ ಎಂದೇ ನಂಬಿಕೆ. ವಯೋಲಾ ಗಂಡು ವೇಷ ಹಾಕಿ, ಸಿಸಾರಿಯೋ ಎಂದು ಹೆಸರಿಟ್ಟುಕೊಂಡು ಡ್ಯೂಕ್ ಆರ್ಸಿನೋ ಹತ್ತಿರ ಕೆಲಸಕ್ಕೆ ಸೇರುತ್ತಾಳೆ. ಆರ್ಸಿನೋಗೆ ಒಲಿವಿಯಾ ಮೇಲೆ ಹುಚ್ಚು ಪ್ರೀತಿ. ಒಲಿವಿಯಾಗೆ ಅವನು ಬೇಡ. ಸತ್ತ ಅಣ್ಣನ ದುಃಖದಲ್ಲಿ ಏಳು ವರ್ಷ ಯಾರಿಗೂ ಮುಖ ತೋರಿಸುವುದಿಲ್ಲ ಎಂದು ಶಪಥ ಮಾಡಿ ಕೂತಿದ್ದಾಳೆ. ಆರ್ಸಿನೋ ತನ್ನ ಪ್ರೀತಿ ಹೇಳಲು ಸಿಸಾರಿಯೋನನ್ನು ಕಳಿಸುತ್ತಾನೆ. ಒಲಿವಿಯಾಳ ಮನಸ್ಸು ಹೇಳಿ ಕಳಿಸಿದವನ ಮೇಲಲ್ಲ, ಹೇಳಲು ಬಂದವನ ಮೇಲೆ ಹೋಗುತ್ತದೆ. ವಯೋಲಾಗೆ ಅಷ್ಟರಲ್ಲೇ ಆರ್ಸಿನೋ ಮೇಲೆ ಮನಸ್ಸಾಗಿದೆ. ಇನ್ನು ಒಲಿವಿಯಾಳ ಮನೆಯಲ್ಲಿ ಕುಡುಕ ಬಂಧು ಸರ್ ಟೋಬಿ, ಅವನ ದಡ್ಡ ಗೆಳೆಯ ಸರ್ ಆಂಡ್ರ್ಯೂ, ಚುರುಕು ಹುಡುಗಿ ಮರಿಯಾ, ವಿದೂಷಕ ಫೆಸ್ಟೆ, ಕೊನೆಗೆ ಗಂಟುಮುಖದ ಕಾರುಬಾರಿ ಮಾಲ್ವೋಲಿಯೋ.

ಮೊದಲ ದಿನದ ರೀಡಿಂಗ್ ಮುಗಿದ ಮೇಲೆ ನಿರ್ದೇಶಕಿ ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟರು. ನಡುವೆ ಉದ್ದಕ್ಕೆ ಒಂದು ಗೆರೆ. ಎಡಗಡೆ ‘ನನಗೇನು ಬೇಕು’, ಬಲಗಡೆ ‘ಅದರ ಪೆಟ್ಟು ಯಾರಿಗೆ’.

ಎಡಗಡೆಯದು ನಟರಿಗೆ ಹೊಸದಲ್ಲ. ಪಾತ್ರಕ್ಕೆ ಏನು ಬೇಕು ಎಂದು ಕೇಳಿಕೊಳ್ಳುವುದು ಎಲ್ಲ ಕಡೆಯೂ ಇದ್ದದ್ದೇ. ಬಲಗಡೆಯದಕ್ಕೆ ಎಲ್ಲರೂ ಪೆನ್ನು ಕಚ್ಚುತ್ತಾ ಕೂತರು. “ನಿಮಗೇನು ಬೇಕು ಅನ್ನೋದು ಜನರಿಗೆ ಹೇಗೂ ಗೊತ್ತಾಗುತ್ತೆ. ಪೆಟ್ಟು ತಿನ್ನೋರು ಯಾರು ಅಂತ ನೀವು ತಿಳ್ಕೊಂಡಿರಿ. ದೃಶ್ಯದಲ್ಲಿ ನೀವು ಯಾರನ್ನ ನೋಡ್ಬೇಕು, ಯಾರನ್ನ ನೋಡಬಾರದು ಅನ್ನೋದು ಅದರಿಂದಾನೇ ಗೊತ್ತಾಗೋದು” ಎಂದರು ಮೇಡಂ.

ಬಲಗಡೆ ಎಲ್ಲರಿಗಿಂತ ಬೇಗ ಬರೆದವಳು ನಮ್ಮ ವಯೋಲಾ. ಅದಕ್ಕೆ ಕಾರಣ ಇದೆ. ಆ ಲೆಕ್ಕವನ್ನು ಪಾತ್ರವೇ ನಾಟಕದಲ್ಲಿ ಬಾಯಿಬಿಟ್ಟು ಹೇಳುತ್ತದೆ. ಎರಡನೇ ಅಂಕದ ಉಂಗುರದ ದೃಶ್ಯ. ಸಿಸಾರಿಯೋ ಹೊರಟ ಮೇಲೆ ಒಲಿವಿಯಾ ತನ್ನ ಉಂಗುರವೊಂದನ್ನು ಮಾಲ್ವೋಲಿಯೋ ಕೈಗೆ ಕೊಟ್ಟು, “ಅವನು ಬಿಟ್ಟುಹೋದ, ವಾಪಸ್ ಕೊಡು” ಎಂದು ಅಟ್ಟುತ್ತಾಳೆ. ಶುದ್ಧ ಸುಳ್ಳು. ಮತ್ತೆ ಬರಲಿ ಎಂಬ ಆಸೆಗೆ ಒಂದು ನೆಪ. ಮಾಲ್ವೋಲಿಯೋ ಅದನ್ನು ಕೈಗೆ ಕೊಡುವುದಿಲ್ಲ, ನೆಲಕ್ಕೆ ಎಸೆದು ಹೋಗುತ್ತಾನೆ.

ತಾಲೀಮಿನಲ್ಲಿ ಆ ಉಂಗುರ ಕಾಡಿದ್ದು ಅಷ್ಟಿಷ್ಟಲ್ಲ. ಎಸೆದಾಗಲೆಲ್ಲ ಉರುಳಿಕೊಂಡು ವಿಂಗ್ ಒಳಗೆ ಹೋಗುತ್ತಿತ್ತು, ಇಲ್ಲವೇ ಹಲಗೆಯ ಸಂದಿಗೆ ಸೇರುತ್ತಿತ್ತು. ನಾನು ಸುಮ್ನೆ ಕೂತವನು ತಾನೇ, ಹುಡುಕುವ ಕೆಲಸ ನನ್ನದಾಯಿತು. ಒಂದು ಸಲ ನಾನು ಏಳುವ ಮೊದಲೇ ವಯೋಲಾ ಮಾಡುವಾಕೆ ಮಂಡಿಯೂರಿ ನೆಲ ತಡಕುತ್ತಾ ತನ್ನ ಮಾತು ಶುರು ಮಾಡಿದಳು. “ನಾನು ಯಾವ ಉಂಗುರವನ್ನೂ ಬಿಟ್ಟು ಬಂದಿಲ್ಲವಲ್ಲ...” ಉಂಗುರ ಕೈಗೆ ಸಿಗುವ ಹೊತ್ತಿಗೆ ಸರಿಯಾಗಿ ಒಲಿವಿಯಾ ತನ್ನನ್ನು ಪ್ರೀತಿಸುತ್ತಿದ್ದಾಳೆ ಎಂದು ಅವಳಿಗೆ ಹೊಳೆಯಬೇಕು. ಹಾಗೇ ಆಯಿತು. ಮೇಡಂ ಅದನ್ನೇ ಉಳಿಸಿಕೊಂಡರು. ಇನ್ನೊಬ್ಬಳ ಆಸೆ ನೆಲದ ಮೇಲೆ ಬಿದ್ದಿದೆ, ಅದು ಬೇಡದವಳು ಬಗ್ಗಿ ಎತ್ತಿಕೊಳ್ಳಬೇಕು.

ಅಲ್ಲಿಂದ ವಯೋಲಾ ಎಣಿಸುತ್ತಾ ಹೋಗುತ್ತಾಳೆ. ನನ್ನೊಡೆಯನಿಗೆ ಅವಳು ಬೇಕು, ನನಗೆ ಒಡೆಯ ಬೇಕು, ಅವಳಿಗೆ ನಾನು ಬೇಕು. ತಾನು ಗಂಡಸಾಗಿರುವಷ್ಟು ದಿನ ತನ್ನ ಪ್ರೀತಿಗೆ ದಾರಿಯಿಲ್ಲ. ತಾನು ಹೆಂಗಸಾದ್ದರಿಂದ ಪಾಪ ಒಲಿವಿಯಾ ಬಿಡುವ ನಿಟ್ಟುಸಿರೆಲ್ಲ ದಂಡ. ತನ್ನ ವೇಷ ತನಗೆ ಆಸರೆಯಾದರೂ ಇನ್ನೊಬ್ಬಳಿಗೆ ಕೇಡು ಎಂದು ಒಪ್ಪಿಕೊಳ್ಳುತ್ತಾಳೆ. ಇಡೀ ನಾಟಕದಲ್ಲಿ ಬಲಗಡೆಯ ಪಟ್ಟಿಯನ್ನು ತಾನಾಗಿ ತುಂಬಿಸುವ ಪಾತ್ರ ಇದೊಂದೇ ಅಂತ ನನ್ನ ಅನಿಸಿಕೆ. ಹಾಗಂತ ಅವಳಿಂದ ಏನೂ ಮಾಡಲಾಗುವುದಿಲ್ಲ. ಈ ಗಂಟನ್ನು ಕಾಲವೇ ಬಿಚ್ಚಲಿ, ನನ್ನಿಂದಾಗದು ಎಂದು ಹೊರಡುತ್ತಾಳೆ.

ಆರ್ಸಿನೋನ ಹಾಳೆ ನೋಡಿ ಎಲ್ಲರೂ ನಕ್ಕೆವು. ಎಡಗಡೆ ತುಂಬಿ ತುಳುಕುತ್ತಿತ್ತು. ಬಲಗಡೆ ‘ಯಾರಿಗೂ ಇಲ್ಲ’. ಮೇಡಂ ಅದನ್ನು ತಿದ್ದಲಿಲ್ಲ. “ಸರಿಯಾಗಿದೆ, ಅವನು ಹಾಗೇ ಅಂದ್ಕೊಂಡಿರ್ತಾನೆ” ಎಂದರು. ಆರ್ಸಿನೋನ ಪ್ರೀತಿ ಎಂಥದು ಎಂದರೆ, ಒಲಿವಿಯಾಳನ್ನು ಅವನು ರಂಗದ ಮೇಲೆ ಮುಖಾಮುಖಿ ನೋಡುವುದು ಕೊನೆಯ ಅಂಕದಲ್ಲಿ. ಅಲ್ಲಿಯವರೆಗೂ ಹಾಡು ಕೇಳುತ್ತಾ ಒರಗಿರುತ್ತಾನೆ. ಓಡಾಟವೆಲ್ಲ ಬೇರೆಯವರದು.

ಅವನೂ ವಯೋಲಾಳೂ ಪ್ರೀತಿಯ ಬಗ್ಗೆ ಮಾತಾಡುವ ದೃಶ್ಯವನ್ನು ಮತ್ತೆ ಮತ್ತೆ ಮಾಡಿ ನೋಡಿದೆವು. ಹೆಂಗಸರ ಪ್ರೀತಿ ಬರೀ ಹಸಿವಿನ ಥರ, ನನ್ನದು ಕಡಲು ಎಂದು ಆರ್ಸಿನೋ ಕೊಚ್ಚಿಕೊಳ್ಳುತ್ತಾನೆ. ವಯೋಲಾ ತಡೆಯಲಾರದೆ, ನಮ್ಮಪ್ಪನಿಗೆ ಒಬ್ಬ ಮಗಳಿದ್ದಳು, ಒಬ್ಬ ಗಂಡಸನ್ನು ಪ್ರೀತಿಸಿದಳು ಎಂದು ತನ್ನದೇ ಕಥೆ ಹೇಳುತ್ತಾಳೆ. ಏನಾಯಿತು ಅವಳ ಕಥೆ? ಏನೂ ಇಲ್ಲ ಪ್ರಭು, ಖಾಲಿ. ಅವಳು ಹೇಳಿಕೊಳ್ಳಲೇ ಇಲ್ಲ, ಮೊಗ್ಗಿನೊಳಗಿನ ಹುಳದ ಹಾಗೆ ಆ ಗುಟ್ಟು ಅವಳನ್ನು ತಿಂದಿತು. ಆರ್ಸಿನೋ ಕೇಳುತ್ತಾನೆ, ನಿನ್ನ ಅಕ್ಕ ಅದರಿಂದ ಸತ್ತಳಾ? ಅದಕ್ಕೆ ಅವಳು ಕೊಡುವ ಉತ್ತರ ನಾಟಕದಲ್ಲೇ ನನಗೆ ತುಂಬ ಇಷ್ಟ. ನಮ್ಮಪ್ಪನ ಮನೆಯ ಹೆಣ್ಣುಮಕ್ಕಳೆಲ್ಲ ನಾನೇ, ಗಂಡುಮಕ್ಕಳೂ ನಾನೇ. ಅಷ್ಟು ಹೇಳಿ ಮಾತು ತೇಲಿಸಿಬಿಡುತ್ತಾಳೆ, ಆ ಹೆಂಗಸಿನ ಹತ್ತಿರ ಹೋಗಲಾ?

ನಮ್ಮ ಆರ್ಸಿನೋ ಮೊದಲು ಇದನ್ನು ಒರಗು ದಿಂಬಿನ ಮೇಲೆ ಮಲಗಿಕೊಂಡೇ ಮಾಡುತ್ತಿದ್ದ. ಅವಳ ಕಡೆ ತಿರುಗುತ್ತಲೇ ಇರಲಿಲ್ಲ. ನಗು ಬರುತ್ತಿತ್ತು, ಆದರೆ ಯಾಕೋ ದೃಶ್ಯ ಒಣಗಿದ ಹಾಗಿತ್ತು. ಮೇಡಂ ದಿಂಬು ತೆಗೆಸಿದರು. ಈಗ ಅವನು ಎದ್ದು ಕೂತು ಕೇಳಲೇಬೇಕು. ಕೇಳುತ್ತಾ ಕೇಳುತ್ತಾ ಅವನ ಕೈ ತಾನಾಗಿ ಸಿಸಾರಿಯೋನ ಹೆಗಲ ಹತ್ತಿರ ಹೋಯಿತು. ಅಷ್ಟರಲ್ಲಿ “ಹೋಗಲಾ?” ಎಂಬ ಮಾತು. ತಕ್ಷಣ ಅದೇ ಕೈ ಜೇಬಿಗೆ ಹೋಗಿ ಒಲಿವಿಯಾಗೆ ಕೊಡಬೇಕಾದ ಒಡವೆ ತೆಗೆಯಿತು. ತನ್ನ ಕಥೆ ಹೇಳಿ ಇನ್ನೂ ಉಸಿರು ತೆಗೆದುಕೊಳ್ಳದವಳ ಕೈಗೆ ಇನ್ನೊಬ್ಬಳ ಉಡುಗೊರೆ. ಆರ್ಸಿನೋ ಕೆಟ್ಟವನೇನಲ್ಲ. ಕೆಟ್ಟವನಾಗಿದ್ದರೆ ಈ ದೃಶ್ಯ ಇಷ್ಟು ಚುಚ್ಚುತ್ತಿರಲಿಲ್ಲ.

ಟೋಬಿಯ ಆಸೆಗಳ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಕುಡಿಯಬೇಕು, ಅದಕ್ಕೆ ದುಡ್ಡು ಬೇಕು. ಆಂಡ್ರ್ಯೂಗೆ ವರ್ಷಕ್ಕೆ ಮೂರು ಸಾವಿರ ಡ್ಯುಕಾಟ್ ವರಮಾನ. ಒಲಿವಿಯಾಳನ್ನು ಕೊಡಿಸುತ್ತೇನೆ ಎಂದು ಆಸೆ ಹುಟ್ಟಿಸಿ ಟೋಬಿ ಅವನಿಂದ ಎರಡು ಸಾವಿರದವರೆಗೂ ಹೀರಿದ್ದಾನೆ. ಕೊನೆಗೆ ಇಬ್ಬರಿಗೂ ತಲೆ ಒಡೆದಾಗ, ಪಾಪದ ಆಂಡ್ರ್ಯೂ ಆಸರೆ ಕೊಡಲು ಬರುತ್ತಾನೆ. ಅವನನ್ನು ಟೋಬಿ ಕತ್ತೆ, ಪೆದ್ದ, ಸೊರಗಿದ ಮುಖದವನೇ ಎಂದು ಬೈದು ತಳ್ಳುತ್ತಾನೆ. ಆಂಡ್ರ್ಯೂಗೆ ಆಮೇಲೆ ಮಾತೇ ಇಲ್ಲ.

ಮಾಲ್ವೋಲಿಯೋ ವಿಚಾರಕ್ಕೆ ನಮ್ಮಲ್ಲಿ ಜಗಳವೇ ಆಯಿತು. ಈ ನಾಟಕದ ಬಗ್ಗೆ ಸಿಕ್ಕಿರುವ ಅತ್ಯಂತ ಹಳೆಯ ದಾಖಲೆಯಲ್ಲೂ ಅವನೇ ಇದ್ದಾನೆ. 1602ರ ಫೆಬ್ರವರಿ 2ರಂದು ಲಂಡನ್ನಿನ ಮಿಡಲ್ ಟೆಂಪಲ್‌ನಲ್ಲಿ ಕಾನೂನು ಓದುತ್ತಿದ್ದ ಜಾನ್ ಮ್ಯಾನಿಂಗ್‌ಹ್ಯಾಮ್ ಎಂಬಾತ ಈ ನಾಟಕ ನೋಡಿ ಡೈರಿಯಲ್ಲಿ ಬರೆದಿಟ್ಟ. ನಾಟಕ ಅಚ್ಚಾಗುವುದಕ್ಕೆ, 1623ರಲ್ಲಿ, ಇನ್ನೂ ಬಹಳ ವರ್ಷ ಇತ್ತು. ಒಡತಿ ತನ್ನನ್ನು ಪ್ರೀತಿಸುತ್ತಾಳೆ ಎಂದು ಕಾರುಬಾರಿಯನ್ನು ಕಾಗದ ಬರೆದು ನಂಬಿಸಿದ್ದು ಅವನಿಗೆ ಬಹಳ ಮೆಚ್ಚಿಗೆಯಾಗಿತ್ತು. ವಯೋಲಾಳ ನಿಟ್ಟುಸಿರಿನ ಸುದ್ದಿ ಅವನ ಬರಹದಲ್ಲಿಲ್ಲ.

ನಮ್ಮ ಜಗಳ ಇದು. ಒಡತಿಯ ಹೆಸರಲ್ಲಿ ಆ ಕಾಗದ ಬರೆದ ಮರಿಯಾಳದು ತಪ್ಪಾ, ಆಸೆಪಟ್ಟ ಮಾಲ್ವೋಲಿಯೋದಾ? ಸ್ಕ್ರಿಪ್ಟ್ ಸರಿಯಾಗಿ ಓದಿದರೆ ಒಂದು ವಿಷಯ ಕಾಣುತ್ತದೆ. ಕಾಗದ ಸಿಗುವ ಮೊದಲೇ ಅವನು ಕನಸು ಕಾಣುತ್ತಿದ್ದಾನೆ. ಒಲಿವಿಯಾಳನ್ನು ಮದುವೆಯಾಗಿ ಮೂರು ತಿಂಗಳಾಗಿದೆ, ಮೈಮೇಲೆ ಕಸೂತಿಯ ಮಕಮಲ್ಲು, ಆಳುಗಳನ್ನು ಕರೆಸುತ್ತೇನೆ, ಟೋಬಿ ಬಂದು ಬಗ್ಗಿ ನಮಸ್ಕರಿಸುತ್ತಾನೆ, ಕುಡಿತ ಬಿಡು ಎಂದು ಅವನಿಗೆ ಬುದ್ಧಿ ಹೇಳುತ್ತೇನೆ. ಗಮನಿಸಿ, ಇದರಲ್ಲಿ ಒಲಿವಿಯಾ ಎಷ್ಟಿದ್ದಾಳೆ? ಅವಳು ಹಾಸಿಗೆಯಲ್ಲಿ ನಿದ್ದೆ ಮಾಡುತ್ತಿದ್ದಾಳೆ, ಅಷ್ಟೆ. ಅವನಿಗೆ ಬೇಕಾಗಿರುವುದು ಹೆಣ್ಣಲ್ಲ, ಕುರ್ಚಿ. ಆ ಪಾತ್ರ ಮಾಡುವಾತ ಇದನ್ನು ಹಿಡಿದ ಮೇಲೆ ಆ ದೃಶ್ಯದ ನಗು ಎರಡು ಪಟ್ಟಾಯಿತು.

ಆದರೆ ಕತ್ತಲೆ ಕೋಣೆಯ ದೃಶ್ಯಕ್ಕೆ ಬಂದಾಗ ನಮಗೇ ನಗಲು ಆಗಲಿಲ್ಲ. ಕಾಗದ ನಂಬಿ ಹಳದಿ ಕಾಲುಚೀಲದಲ್ಲಿ ಬಂದವನಿಗೆ ಹುಚ್ಚು ಹಿಡಿದಿದೆ ಎಂದು ಅವನನ್ನು ಕಟ್ಟಿ ಕೂಡಿಹಾಕುತ್ತಾರೆ. ಫೆಸ್ಟೆ ಪಾದ್ರಿಯ ವೇಷದಲ್ಲಿ ಬಂದು, ಕೋಣೆ ಕತ್ತಲೆಯಾಗಿಲ್ಲ, ನಿನ್ನ ತಲೆ ಕೆಟ್ಟಿದೆ ಎನ್ನುತ್ತಾನೆ. ಒಂದು ಮೇಣದ ಬತ್ತಿ, ಪೆನ್ನು, ಶಾಯಿ, ಕಾಗದ ಕೊಡಿ ಎಂದು ಅವನು ಅಂಗಲಾಚುತ್ತಾನೆ. ನಾವು ಒಂದು ದೊಡ್ಡ ಮರದ ಪೆಟ್ಟಿಗೆ ಮಾಡಿಸಿ ಅದರೊಳಗೆ ಅವನನ್ನು ಕೂರಿಸಿದ್ದೆವು. ಬೆರಳು ತೂರುವಷ್ಟು ಸಂದಿ. ಆ ಸಂದಿಯಲ್ಲಿ ಅವನ ಬೆರಳು ಆಡುತ್ತಿದ್ದಾಗ ಟೋಬಿ ತನ್ನ ಮಾತು ಹೇಳಬೇಕು, ಈ ಆಟದಿಂದ ಹೇಗಾದರೂ ಕಳಚಿಕೊಂಡರೆ ಸಾಕು ಅಂತ. ಅದು ಕನಿಕರವಲ್ಲ. ಒಲಿವಿಯಾಗೆ ಈಗಾಗಲೇ ತನ್ನ ಮೇಲೆ ಸಿಟ್ಟಿದೆ, ಇನ್ನು ಮುಂದುವರಿಸಿದರೆ ತನಗೇ ಕಷ್ಟ ಎಂಬ ಲೆಕ್ಕ.

ಒಲಿವಿಯಾ ಎಲ್ಲಿದ್ದಳು ಆಗ? ಅವನನ್ನು ಚೆನ್ನಾಗಿ ನೋಡಿಕೊಳ್ಳಿ ಎಂದವಳೇ ಅವಳು. ಕೊನೆಯಲ್ಲಿ ಅವಳೇ ಹೇಳುತ್ತಾಳೆ, ನನ್ನದೇ ಒಂದು ಹುಚ್ಚಿನಲ್ಲಿ ಅವನ ಹುಚ್ಚು ಮರೆತೇ ಹೋಗಿತ್ತು ಅಂತ. ನಮ್ಮ ಒಲಿವಿಯಾ ಈ ಸಾಲನ್ನು ಮೊದಲೆಲ್ಲ ಗಡಿಬಿಡಿಯಲ್ಲಿ ನುಂಗಿಬಿಡುತ್ತಿದ್ದಳು. ಹಾಳೆಯ ಬಲಗಡೆ ಮಾಲ್ವೋಲಿಯೋ ಹೆಸರು ಬರೆದ ಮೇಲೆ ಅಲ್ಲಿ ಒಂದು ಕ್ಷಣ ನಿಲ್ಲತೊಡಗಿದಳು.

ಇನ್ನು ನನ್ನ ಪಾರ್ಟು. ಆಂಟೋನಿಯೋ ಸೆಬಾಸ್ಟಿಯನ್‌ನನ್ನು ಕಡಲಿನಿಂದ ಎತ್ತಿ ಉಳಿಸಿದವನು. ಮೂರು ತಿಂಗಳು ಹಗಲು ರಾತ್ರಿ ಜೊತೆಗಿದ್ದವನು. ಇಲ್ಲಿರಿಯಾದಲ್ಲಿ ಅವನಿಗೆ ಶತ್ರುಗಳಿದ್ದಾರೆ. ಹಿಂದೆ ಆರ್ಸಿನೋನ ಹಡಗುಗಳ ವಿರುದ್ಧ ಹೋರಾಡಿದ್ದಾನೆ, ಸಿಕ್ಕಿಬಿದ್ದರೆ ಕಥೆ ಮುಗಿದಂತೆ. ಆದರೂ ಸೆಬಾಸ್ಟಿಯನ್ ಹಿಂದೆ ಹೊರಡುತ್ತಾನೆ. ಅವನ ಮೇಲಿನ ಪ್ರೀತಿಗೆ ಅಪಾಯವೂ ಆಟದ ಹಾಗೆ ಕಾಣುತ್ತದಂತೆ. ಊರು ನೋಡಿ ಬಾ, ಏನಾದರೂ ಕೊಳ್ಳಬೇಕು ಅನ್ನಿಸಿದರೆ ಇರಲಿ ಎಂದು ತನ್ನ ಹಣದ ಚೀಲವನ್ನೇ ಅವನಿಗೆ ಕೊಟ್ಟುಬಿಡುತ್ತಾನೆ.

ಆಮೇಲೆ ಬೀದಿಯಲ್ಲಿ ಸಿಸಾರಿಯೋ ಕತ್ತಿ ಹಿಡಿದು ನಡುಗುತ್ತಿರುವುದು ಕಾಣುತ್ತದೆ. ಅದು ಟೋಬಿ ಮೋಜಿಗೆ ಹುಟ್ಟುಹಾಕಿದ ಸುಳ್ಳು ಕಾಳಗ. ಆಂಟೋನಿಯೋ ಅವಳನ್ನು ಸೆಬಾಸ್ಟಿಯನ್ ಎಂದುಕೊಂಡು ಅಡ್ಡ ಬರುತ್ತಾನೆ, ಅಧಿಕಾರಿಗಳು ಹಿಡಿಯುತ್ತಾರೆ. ಚೀಲ ವಾಪಸ್ ಕೊಡು ಎಂದು ಕೇಳುತ್ತಾನೆ. ವಯೋಲಾಗೆ ಇವನು ಯಾರೆಂದೇ ಗೊತ್ತಿಲ್ಲ. ಒಳ್ಳೆಯವಳು, ತನ್ನಲ್ಲಿರುವ ಅಲ್ಪ ಹಣದಲ್ಲೇ ಅರ್ಧ ಕೊಡಲು ಬರುತ್ತಾಳೆ. ಅದು ಇನ್ನೂ ಉರಿ. ಸಾವಿನ ಬಾಯಿಂದ ಎಳೆದು ತಂದವನು ಈಗ ಗುರುತೇ ಇಲ್ಲ ಅನ್ನುತ್ತಾನಲ್ಲ!

ಈ ದೃಶ್ಯದಲ್ಲಿ ನಾನು ಕೂಗಾಡುತ್ತಿದ್ದೆ. “ಕೂಗಿ, ಪರವಾಗಿಲ್ಲ. ಆದರೆ ಹೋಗ್ತಾ ಒಂದ್ಸಲ ತಿರುಗಿ ಅವಳ ಮುಖ ನೋಡಿ” ಎಂದರು ಮೇಡಂ. ತಿರುಗಿದೆ. ಅವಳ ಮುಖ ಅರಳಿತ್ತು! ಯಾಕೆಂದರೆ ನಾನು ಬೈಯುವಾಗ ಸೆಬಾಸ್ಟಿಯನ್ ಎಂದು ಹೆಸರು ಹೇಳಿದ್ದೇನೆ. ಹಾಗಾದರೆ ತಮ್ಮ ಬದುಕಿದ್ದಾನಾ ಎಂದು ಅವಳಿಗೆ ಮತ್ತೆ ಆಸೆ ಚಿಗುರಿದೆ. ನನ್ನ ಎದೆ ಒಡೆದ ಮಾತೇ ಅವಳಿಗೆ ಸಿಹಿ ಸುದ್ದಿ. ಕಟ್ಟಿ ಎಳೆದೊಯ್ಯುವಾಗ ಆ ಅರಳಿದ ಮುಖ ನೋಡುವುದಿದೆಯಲ್ಲ, ಅದಾದ ಮೇಲೆ ನನಗೆ ಕೂಗಬೇಕು ಅನ್ನಿಸಲೇ ಇಲ್ಲ.

ನನ್ನ ಇನ್ನೊಂದು ಹಾಳೆ, ಕ್ಯಾಪ್ಟನ್‌ನದು, ಬಹಳ ದಿನ ಹಾಗೇ ಇತ್ತು. ಅವನಿಗೆ ಏನು ಬೇಕು ಎಂದೇ ಹೊಳೆಯುತ್ತಿರಲಿಲ್ಲ. ವಯೋಲಾಳನ್ನು ದಡ ಸೇರಿಸುತ್ತಾನೆ. ನಿಮ್ಮ ತಮ್ಮ ಹಾಯಿಗಂಬಕ್ಕೆ ತನ್ನನ್ನು ಕಟ್ಟಿಕೊಂಡದ್ದನ್ನು ನೋಡಿದೆ ಎಂದು ಧೈರ್ಯ ಹೇಳುತ್ತಾನೆ. ವೇಷದ ಗುಟ್ಟು ಬಿಡುವುದಿಲ್ಲ, ಬಿಟ್ಟರೆ ಕಣ್ಣು ಹೋಗಲಿ ಎಂದು ಮಾತು ಕೊಟ್ಟು ಹೊರಡುತ್ತಾನೆ. ಆಮೇಲೆ ನಾಟಕದಲ್ಲಿ ಅವನು ಪತ್ತೆಯೇ ಇಲ್ಲ.

ಕೊನೆಯ ಅಂಕದ ತಾಲೀಮಿನಲ್ಲಿ ಸಿಕ್ಕಿದ. ಆಗ ನಾನು ಆಂಟೋನಿಯೋ ವೇಷದಲ್ಲಿ ಕೈ ಕಟ್ಟಿಸಿಕೊಂಡು ಮೂಲೆಯಲ್ಲಿ ನಿಂತಿದ್ದೆ. ಅವಳಿಗಳು ಎದುರುಬದುರಾದರು. ಒಂದೇ ಸೇಬನ್ನು ಎರಡು ಹೋಳು ಮಾಡಿದ ಹಾಗಿದ್ದೀರಿ, ಇದರಲ್ಲಿ ಸೆಬಾಸ್ಟಿಯನ್ ಯಾರು ಎಂದು ನಾನು ಕೇಳಿದೆ. ಅದೇ ನನ್ನ ಕೊನೆಯ ಮಾತು. ಆಮೇಲೆ ಆರ್ಸಿನೋ ವಯೋಲಾಗೆ, ನಿನ್ನನ್ನು ಹೆಣ್ಣಿನ ಉಡುಪಲ್ಲಿ ನೋಡಬೇಕು ಎನ್ನುತ್ತಾನೆ. ಅವಳು ಹೇಳುತ್ತಾಳೆ, ನನ್ನನ್ನು ದಡಕ್ಕೆ ತಂದ ಕ್ಯಾಪ್ಟನ್ ಹತ್ತಿರ ಆ ಬಟ್ಟೆ ಇದೆ, ಆದರೆ ಅವನು ಮಾಲ್ವೋಲಿಯೋ ಹಾಕಿದ ಯಾವುದೋ ದಾವೆಯಲ್ಲಿ ಸೆರೆಯಲ್ಲಿದ್ದಾನೆ.

ಎಷ್ಟೋ ಸಲ ಓದಿದ್ದ ಸಾಲು. ಆದರೆ ಆವತ್ತು ಕೈಗೆ ಹಗ್ಗ ಇತ್ತು ನೋಡಿ, ಕಿವಿಗೆ ಬೇರೆ ಥರ ಬಿತ್ತು. ಅವಳಿಗಳಲ್ಲಿ ಒಬ್ಬಳನ್ನು ಉಳಿಸಿದವನು ಸೆರೆಯಲ್ಲಿ, ಇನ್ನೊಬ್ಬನನ್ನು ಉಳಿಸಿದವನೂ ಸೆರೆಯಲ್ಲಿ. ಎರಡೂ ನಾನೇ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುತ್ತಾರಲ್ಲ, ಇಲ್ಲಿ ಗಂಡ ಹೆಂಡಿರಾಗುವವರ ಗಡಿಬಿಡಿಯಲ್ಲೇ ಮೂರು ಜನ ಒಳಗೆ ಹೋಗಿದ್ದಾರೆ. ಮೂರನೆಯವನು ಮಾಲ್ವೋಲಿಯೋ. ಅವನೂ ಬರೀ ಪೆಟ್ಟು ತಿಂದವನಲ್ಲ, ಕ್ಯಾಪ್ಟನ್‌ನನ್ನು ಒಳಗೆ ಹಾಕಿಸಿದವನು ಅವನೇ. ಯಾಕೆ ಹಾಕಿಸಿದ, ಏನು ವ್ಯಾಜ್ಯ, ನಾಟಕ ಹೇಳುವುದಿಲ್ಲ. ಒಂದು ಮಾತು ನಿಜ, ಆ ಮೂವರಲ್ಲಿ ಒಬ್ಬನೂ ಡ್ಯೂಕ್ ಅಲ್ಲ, ಸಿರಿವಂತನಲ್ಲ. ದೊಡ್ಡ ಮನೆಯವರ ಆಸೆಗೆ ಓಡಾಡಿದವರು, ಇಲ್ಲವೇ ಆ ಮನೆಗೇ ಆಸೆಪಟ್ಟವನು.

ಮೇಡಂಗೆ ಹೇಳಿದೆ. “ಹಾಗಾದ್ರೆ ನಿಮ್ಮ ಕೈ ಹಗ್ಗ ಯಾರು ಬಿಚ್ಚೋದು?” ಎಂದು ನನ್ನನ್ನೇ ಕೇಳಿದರು. ಸ್ಕ್ರಿಪ್ಟ್ ಹುಡುಕಿದೆವು. ಯಾರೂ ಬಿಚ್ಚುವುದಿಲ್ಲ. ಸೆಬಾಸ್ಟಿಯನ್ ಬಂದ ತಕ್ಷಣ, ಆಂಟೋನಿಯೋ, ನಿನ್ನನ್ನು ಕಳೆದುಕೊಂಡ ಮೇಲೆ ಎಷ್ಟು ನರಳಿದೆ ಗೊತ್ತಾ ಎಂದು ಅಕ್ಕರೆಯಿಂದಲೇ ಮಾತಾಡಿಸುತ್ತಾನೆ. ಅಷ್ಟರಲ್ಲಿ ಕಳೆದುಹೋದವಳು ಸಿಗುತ್ತಾಳೆ, ಸಿಸಾರಿಯೋ ಎಂದುಕೊಂಡು ಅವನನ್ನು ಮದುವೆಯಾದ ಒಲಿವಿಯಾ, ಹೊಸ ಹೆಂಡತಿ, ಪಕ್ಕದಲ್ಲಿದ್ದಾಳೆ. ಬಿಡುಗಡೆಯ ಮಾತನ್ನು ಡ್ಯೂಕ್ ಆಡುವುದಿಲ್ಲ, ಬೇರೆ ಯಾರೂ ಆಡುವುದಿಲ್ಲ. ಕೆಲವರು ಸೆಬಾಸ್ಟಿಯನ್ ಬಂದು ಹಗ್ಗ ಬಿಚ್ಚಲಿ, ಜನಕ್ಕೂ ಸಮಾಧಾನ ಎಂದರು. ಮಾಡಿಯೂ ನೋಡಿದೆವು. ಚೆನ್ನಾಗಿತ್ತು, ಆದರೆ ಸಲೀಸಾಗಿತ್ತು. ಕೊನೆಗೆ ಹಗ್ಗ ಹಾಗೇ ಉಳಿಯಿತು. ನಾನು ಕೈ ಕಟ್ಟಿಸಿಕೊಂಡೇ ನಿಂತಿರುತ್ತೇನೆ, ಎರಡು ಜೋಡಿಗಳು ನನ್ನ ಮುಂದೆಯೇ ಕೈ ಹಿಡಿದುಕೊಂಡು ಓಡಾಡುತ್ತವೆ. ಪಕ್ಕದಲ್ಲಿ ಅಧಿಕಾರಿ ಆಕಳಿಸುತ್ತಾನೆ. ಅದು ಆ ನಟನದೇ ಐಡಿಯಾ.

ಪ್ರದರ್ಶನದಲ್ಲಿ ಜನ ಹೊಟ್ಟೆ ತುಂಬಾ ನಕ್ಕರು. ನಗದಿದ್ದರೆ ನಾವು ಸೋತಂತೆ, ಅದು ಕಾಮಿಡಿ ತಾನೆ? ಕಾಗದದ ದೃಶ್ಯಕ್ಕೆ ಸೀಟಿ ಬಿತ್ತು. “ನಿಮ್ಮನ್ನೆಲ್ಲ ನೋಡಿಕೊಳ್ಳುತ್ತೇನೆ” ಎಂದು ಸೇಡಿನ ಮಾತಾಡಿ ಮಾಲ್ವೋಲಿಯೋ ಹೊರಟಾಗ ಅರ್ಧ ಜನ ನಕ್ಕರು, ಅರ್ಧ ಜನ ತೆಪ್ಪಗಾದರು. ಅವನ ಹಿಂದೆಯೇ ಆರ್ಸಿನೋ ಆಳನ್ನು ಅಟ್ಟುತ್ತಾನೆ. ಹೋಗಿ ಸಮಾಧಾನ ಮಾಡಿ ಕರೆತನ್ನಿ ಎಂದು. ಎಷ್ಟು ದೊಡ್ಡ ಮನಸ್ಸು ಅಂದುಕೊಳ್ಳುವಷ್ಟರಲ್ಲಿ ಮುಂದಿನ ಮಾತು ಬರುತ್ತದೆ: ಕ್ಯಾಪ್ಟನ್ ವಿಷಯ ಅವನಿನ್ನೂ ಹೇಳಿಲ್ಲವಲ್ಲ. ಕ್ಯಾಪ್ಟನ್ ಹೊರಗೆ ಬಂದರೆ ತಾನೇ ವಯೋಲಾಳ ಬಟ್ಟೆ ಸಿಗುವುದು, ಬಟ್ಟೆ ಬಂದರೆ ತಾನೇ ಆರ್ಸಿನೋಗೆ ಹೆಂಡತಿ. ನಾಟಕ ಮುಗಿಯುವವರೆಗೂ ಆ ಬಟ್ಟೆ ಬರುವುದಿಲ್ಲ, ವಯೋಲಾ ಗಂಡು ವೇಷದಲ್ಲೇ ಉಳಿಯುತ್ತಾಳೆ. ಕ್ಯಾಪ್ಟನ್ ಎಂಬ ಹೆಸರು ಬಂದಾಗಲೆಲ್ಲ ನಾನು ಮೂಲೆಯಿಂದ ಕತ್ತೆತ್ತಿ ಆರ್ಸಿನೋ ಕಡೆ ನೋಡುತ್ತಿದ್ದೆ. ಅವನು ಒಂದು ಸಲವೂ ಈ ಕಡೆ ತಿರುಗಲಿಲ್ಲ. ತಿರುಗಬಾರದು ಎಂದು ಅವನಿಗೆ ಹೇಳಿಕೊಟ್ಟಿತ್ತು ಬಿಡಿ.